ಕಿಣ್ವದ ವೇಗವನ್ನು ಅಳೆದ ಒಂಟಾರಿಯೊದ ವೈದ್ಯೆ

ಮೈಸೂರಿನಲ್ಲಿ ಎಂಬಿಬಿಎಸ್ ಮೊದಲ ವರ್ಷ ಓದುವಾಗ ‘ಮೈಕೆಲಿಸ್–ಮೆಂಟೆನ್ ಸಮೀಕರಣ’ವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಇಬ್ಬರೂ ಗಡ್ಡ ಬಿಟ್ಟ ಜರ್ಮನ್ ಪ್ರೊಫೆಸರರು ಎಂದೇ ನನ್ನ ಕಲ್ಪನೆ. ಕೆನಡಾಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ ತಿಳಿಯಿತು: ಮೆಂಟೆನ್ ಒಬ್ಬ ಮಹಿಳೆ, ವೈದ್ಯೆ, ನಾವಿರುವ ಇದೇ ಒಂಟಾರಿಯೊ ಪ್ರಾಂತ್ಯದ ಪೋರ್ಟ್ ಲ್ಯಾಂಬ್ಟನ್‌ನಲ್ಲಿ 1879ರಲ್ಲಿ ಹುಟ್ಟಿದವರು. ನಿವೃತ್ತಿಯ ಬಿಡುವಿನಲ್ಲಿ ಅವರ ಬಗ್ಗೆ ಓದಿ ತಿಳಿದದ್ದನ್ನು ಸಂಘದ ಬಂಧುಗಳೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತುಗಳೇ ಕಿಣ್ವಗಳು. ಇವುಗಳಲ್ಲಿ ಹೆಚ್ಚಿನವು ಪ್ರೋಟೀನುಗಳು. ಇಲ್ಲಿನ ಚಳಿಗಾಲದಲ್ಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಉಳಿದಿರುವುದನ್ನು ನಾವೆಲ್ಲ ಕಂಡವರೇ. ಹಾಲಿನ ಸಕ್ಕರೆಯನ್ನು ಒಡೆಯುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳ ಕಿಣ್ವಗಳು. ಚಳಿಗೆ ಅವು ನಿಧಾನವಾಗುತ್ತವೆ. ಪಾತ್ರೆಯನ್ನು ಬೆಚ್ಚಗಿಟ್ಟರೆ ಮತ್ತೆ ಕೆಲಸ ಶುರು. ಆದರೆ ಕುದಿಯುವ ಹಾಲಿಗೇ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಕಿಣ್ವಗಳ ರಚನೆ ಕೆಡುತ್ತದೆ. ಆಮೇಲೆ ಹಾಲು ಆರಿದರೂ ಮೊಸರಾಗುವುದಿಲ್ಲ.

ಶಾಖದ ಈ ಪ್ರಭಾವವನ್ನು ವಿಜ್ಞಾನಿಗಳು ಬೇಗನೆ ಗುರುತಿಸಿದರು. 1833ರಲ್ಲಿ ಫ್ರಾನ್ಸ್‌ನ ಪಾಯೆನ್ ಮತ್ತು ಪೆರ್ಸೋ ಅವರು ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಕರಗಿಸುವ ‘ಡಯಾಸ್ಟೇಸ್’ ಅನ್ನು ಬೇರ್ಪಡಿಸಿದಾಗ, ಕುದಿಸಿದರೆ ಅದರ ಶಕ್ತಿ ನಾಶವಾಗುವುದನ್ನೂ ಗಮನಿಸಿದ್ದರು. ಆದರೆ ಕಿಣ್ವದ ವೇಗಕ್ಕೆ ಲೆಕ್ಕದ ನಿಯಮವೊಂದು ಸಿಗಲು ಇನ್ನೂ 80 ವರ್ಷ ಹಿಡಿಯಿತು.

ಪ್ಯಾರಿಸ್‌ನ ವಿಕ್ಟರ್ ಆನ್ರಿ 1903ರಲ್ಲಿಯೇ ಸರಿಯಾದ ದಾರಿ ಹಿಡಿದಿದ್ದರು. ಕಿಣ್ವವು ಮೊದಲು ಸಕ್ಕರೆಯೊಂದಿಗೆ ಕೂಡಿಕೊಳ್ಳುತ್ತದೆ, ಆಮೇಲೆ ಅದನ್ನು ಒಡೆಯುತ್ತದೆ ಎಂಬ ಊಹೆಯಿಂದ ಸಮೀಕರಣವನ್ನೂ ಬರೆದರು. ಆದರೆ ಅವರ ಪ್ರಯೋಗಗಳಲ್ಲಿ ದ್ರಾವಣದ ಆಮ್ಲೀಯತೆ ಹಿಡಿತದಲ್ಲಿರಲಿಲ್ಲ. ಅದನ್ನು ಅಳೆಯುವ ಸುಲಭ ಮಾಪಕವೇ ಆಗ ಇರಲಿಲ್ಲ. ಆ ಮಾಪಕ ಬಂದದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಿಂದ! 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳನ್ನು ಅಭ್ಯಸಿಸುತ್ತಿದ್ದ ಸೋರೆನ್ಸನ್, ಇಂದು ನಾವು ಪಿಎಚ್ ಎನ್ನುವ ಮಾಪಕವನ್ನು ಕೊಟ್ಟರು. ಪ್ರತಿ ಕಿಣ್ವಕ್ಕೂ ತನಗೊಪ್ಪುವ ಪಿಎಚ್ ಇರುತ್ತದೆ. ಹೊಟ್ಟೆಯ ಪೆಪ್ಸಿನ್‌ಗೆ ಸುಮಾರು 2 ಬೇಕು. ಕರುಳಿನ ಟ್ರಿಪ್ಸಿನ್‌ಗೆ ಸುಮಾರು 8.

ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಎಂ.ಡಿ. ಪಡೆದ ಮೌಡ್ ಮೆಂಟೆನ್ ಮರುವರ್ಷ ಬರ್ಲಿನ್‌ಗೆ ಹೋದರು. ಅಲ್ಲಿನ ಆಸ್ಪತ್ರೆಯೊಂದರ ಸಣ್ಣ ಪ್ರಯೋಗಾಲಯದಲ್ಲಿ ಡಾ. ಲಿಯೊನೋರ್ ಮೈಕೆಲಿಸ್ ಕೆಲಸ ಮಾಡುತ್ತಿದ್ದರು. ಇಬ್ಬರೂ ಆನ್ರಿಯವರ ಪ್ರಯೋಗವನ್ನೇ ಮತ್ತೆ ಮಾಡಿದರು: ಯೀಸ್ಟ್‌ನ ಇನ್ವರ್ಟೇಸ್ ಕಿಣ್ವ, ನಮ್ಮ ಮನೆಯ ಸಕ್ಕರೆ. ಆದರೆ ಈ ಸಲ ಉಷ್ಣತೆ 25 ಡಿಗ್ರಿಯಿಂದ ಕದಲದಂತೆ ನೋಡಿಕೊಂಡರು. ಅಸಿಟೇಟ್ ಬಫರ್ ಸೇರಿಸಿ ಪಿಎಚ್ ಬದಲಾಗದಂತೆ ಮಾಡಿದರು. ಪರಿಸರವನ್ನು ಹೀಗೆ ಕಟ್ಟಿಹಾಕಿದ ಮೇಲೆ ಸಕ್ಕರೆಯ ಪ್ರಮಾಣ ಮತ್ತು ಕ್ರಿಯೆಯ ವೇಗದ ನಡುವಿನ ಸಂಬಂಧ ಸ್ಪಷ್ಟವಾಗಿ ಕಂಡಿತು. 1913ರ ಅವರ ಪ್ರಬಂಧ ಇಂದಿಗೂ ಜೀವರಸಾಯನಶಾಸ್ತ್ರದ ಬುನಾದಿ. ಆನ್ರಿಯವರ ಕೆಲಸದ ಮಹತ್ವವನ್ನು ಅವರು ಅದರಲ್ಲಿ ಮುಕ್ತವಾಗಿ ಒಪ್ಪಿಕೊಂಡಿದ್ದಾರೆ.

ಇದು ಬರೀ ಪುಸ್ತಕದ ವಿಷಯವಲ್ಲ ಎಂದು ನನಗೆ ಮನದಟ್ಟಾದದ್ದು ಒಂದು ಜನವರಿ ರಾತ್ರಿ. ಕಾರು ಉರುಳಿ ಗಂಟೆಗಟ್ಟಲೆ ಹಿಮದಲ್ಲಿ ಸಿಕ್ಕಿಕೊಂಡಿದ್ದ ಯುವಕನೊಬ್ಬನನ್ನು ಎಮರ್ಜೆನ್ಸಿಗೆ ತಂದರು. ಮೈ ಉಷ್ಣತೆ 32 ಡಿಗ್ರಿ. ರಕ್ತ ಕೊಟ್ಟಷ್ಟೂ ಸೋರುತ್ತಿತ್ತು. ಲ್ಯಾಬ್ ವರದಿ ಮಾತ್ರ ರಕ್ತ ಹೆಪ್ಪುಗಟ್ಟುವ ಶಕ್ತಿ ಬಹುಮಟ್ಟಿಗೆ ಸರಿಯಾಗಿದೆ ಎಂದಿತು. ವರದಿ ಸುಳ್ಳಲ್ಲ, ಲ್ಯಾಬಿನ ಯಂತ್ರ ರಕ್ತವನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಪರೀಕ್ಷಿಸುತ್ತದೆ. ಯುವಕನ ರಕ್ತನಾಳದಲ್ಲಿ ಅಷ್ಟು ಶಾಖ ಇರಲಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವುದೂ ಕಿಣ್ವಗಳೇ. ಚಳಿ ಒಂದು ಕಡೆ, ರಕ್ತದಲ್ಲಿ ಏರಿದ್ದ ಆಮ್ಲ ಇನ್ನೊಂದು ಕಡೆ ಅವನ್ನು ಕಟ್ಟಿಹಾಕಿದ್ದವು. ಶಸ್ತ್ರಚಿಕಿತ್ಸೆಯ ಜೊತೆಜೊತೆಗೇ ಬಿಸಿ ಗಾಳಿಯ ಹೊದಿಕೆ ಹಾಕಿ, ರಕ್ತವನ್ನು ಬೆಚ್ಚಗೆ ಮಾಡಿ ಕೊಡುತ್ತಾ ಹೋದೆವು. ಬೆಳಗಿನ ಹೊತ್ತಿಗೆ ಸ್ರಾವ ಹತೋಟಿಗೆ ಬಂತು. ಹುಡುಗ ಉಳಿದ.

ಮೆಂಟೆನ್ ಮುಂದೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ದುಡಿದರೂ ಪೂರ್ಣ ಪ್ರೊಫೆಸರ್ ಆದದ್ದು ನಿವೃತ್ತಿ ಹತ್ತಿರವಾದಾಗ, ಎಪ್ಪತ್ತರ ಆಸುಪಾಸಿನಲ್ಲಿ. 1960ರಲ್ಲಿ ಒಂಟಾರಿಯೊದ ಲೆಮಿಂಗ್ಟನ್‌ನಲ್ಲಿ ತೀರಿಕೊಂಡರು. ಕೆನಡಾದ ವೈದ್ಯಕೀಯ ಗಣ್ಯರ ಪಟ್ಟಿಗೆ ಅವರ ಹೆಸರು ಸೇರಿದ್ದು 1998ರಲ್ಲಿ.

ನಮ್ಮ ಮಕ್ಕಳು ಇಲ್ಲಿನ ಶಾಲೆ ಕಾಲೇಜುಗಳಲ್ಲಿ ಈ ಸಮೀಕರಣವನ್ನು ಓದುತ್ತಾರೆ. ಅದರಲ್ಲಿರುವ ಎರಡನೆಯ ಹೆಸರು ಯಾರದೆಂದು ಒಮ್ಮೆ ಅವರಿಗೆ ಹೇಳಿ. ಯಾವ ಅಂಕಿಯನ್ನು ನೋಡಿದರೂ ಅದನ್ನು ಎಷ್ಟು ಶಾಖದಲ್ಲಿ, ಎಂಥ ಆಮ್ಲೀಯತೆಯಲ್ಲಿ ಅಳೆದರು ಎಂದು ಕೇಳುವುದನ್ನೂ ಕಲಿಸಿ. ನಾನು ಅದನ್ನು ಕಲಿತದ್ದು ತಡವಾಗಿ, ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು.