ಉಸ್ಮಾನಿಯಾ ಬಿಸ್ಕೆಟ್ ಹಗುರವಾಗುವುದು ಹೇಗೆ? ಅದೇ ಪುಡಿ ಬ್ರೌನಿಗೆ ಹಾಕಿದರೆ ಏನಾಗುತ್ತದೆ?

ಹೈದರಾಬಾದ್‌ಗೆ ಹೋದವರು ಚಾರ್‌ಮಿನಾರ್ ಪಕ್ಕದ ನಿಮ್ರಾ ಕೆಫೆಯಲ್ಲೋ, ಬೇರೊಂದು ಇರಾನಿ ಹೋಟೆಲ್‌ನಲ್ಲೋ ಚಹಾ ಜೊತೆ ಉಸ್ಮಾನಿಯಾ ಬಿಸ್ಕೆಟ್ ತಿನ್ನದೆ ಬರುವುದು ಅಪರೂಪ. ಸಿಹಿಯ ಹಿಂದೆಯೇ ತುಸು ಉಪ್ಪು, ಕಚ್ಚಿದರೆ ಪುಡಿಪುಡಿ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ (ಆಳ್ವಿಕೆ 1911-1948) ಅವರ ಹೆಸರು ಇದಕ್ಕಿದೆ. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಮೊದಲು ತಯಾರಾಯಿತು ಎಂಬ ಕಥೆಯೂ ಇದೆ. ಅದು ಬಾಯಿಂದ ಬಾಯಿಗೆ ಬಂದದ್ದು.

ಮನೆಯಲ್ಲಿ ಮಾಡಿ ನೋಡಿದವರ ಸಾಮಾನ್ಯ ದೂರು, ಬಿಸ್ಕೆಟ್ ಗಟ್ಟಿಯಾಗುತ್ತದೆ ಎಂಬುದು. ಬಹುಪಾಲು ತಪ್ಪು ಕಲಸುವುದರಲ್ಲೇ ಆಗುತ್ತದೆ. ಮೈದಾಕ್ಕೆ ನೀರು ಅಥವಾ ಹಾಲು ಬಿದ್ದು, ಅದನ್ನು ಚಪಾತಿ ಹಿಟ್ಟಿನಂತೆ ನಾದಿದರೆ ಅಂಟು ಎಳೆಗಳು ಬೆಳೆಯುತ್ತವೆ. ಬೆಣ್ಣೆ ಅಥವಾ ವನಸ್ಪತಿ ಹಿಟ್ಟಿನ ಕಣಗಳ ಸುತ್ತ ಪದರ ಕಟ್ಟಿ ಇದನ್ನು ತಡೆಯುತ್ತದೆ. ಅದಕ್ಕೇ ಮೊದಲು ಬೆಣ್ಣೆ, ಪುಡಿ ಸಕ್ಕರೆ ಚೆನ್ನಾಗಿ ಕಲಸಿ, ಕೊನೆಗೆ ಹಿಟ್ಟು ಸೇರಿಸಿ ಹಗುರವಾಗಿ ಒಟ್ಟುಗೂಡಿಸಿದರೆ ಸಾಕು. ಕಸ್ಟರ್ಡ್ ಪುಡಿ ಹಾಕುವುದು ಬಣ್ಣ, ಪರಿಮಳಕ್ಕಷ್ಟೇ ಅಲ್ಲ. ಅದರಲ್ಲಿರುವ ಜೋಳದ ಪಿಷ್ಟಕ್ಕೆ ಅಂಟೇ ಇಲ್ಲ.

ಇನ್ನು ಉಬ್ಬುವ ವಿಷಯ. ಮನೆಯಲ್ಲಿ ಬೇಕಿಂಗ್ ಪೌಡರ್ ಸಾಕು. ಬಿಸ್ಕೆಟ್ ಮಾಡುವ ಹಲವು ಬೇಕರಿಗಳಲ್ಲಿ ಮಾತ್ರ 'ಅಮೋನಿಯಾ' ಎಂದೇ ಕರೆಯುವ ಅಮೋನಿಯಂ ಬೈಕಾರ್ಬೊನೇಟ್ ಬಳಸುತ್ತಾರೆ. ಬಿಸಿಗೆ ಇದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ಒಡೆಯುತ್ತದೆ. ಮೂರೂ ಹಾರಿಹೋಗುವಂಥವು, ಹಿಂದೆ ಏನೂ ಉಳಿಯುವುದಿಲ್ಲ. ಅಡುಗೆ ಸೋಡಾ ಹೆಚ್ಚಾದಾಗ ಬರುವ ಸೋಪಿನಂಥ ರುಚಿ ಇಲ್ಲಿಲ್ಲ. ಬೇಯುವಾಗ ಓವನ್‌ನಿಂದ ಮೂಗಿಗೆ ಬಡಿಯುವ ಘಾಟು ಬರುತ್ತದೆ, ಕಿಟಕಿ ತೆರೆದಿಡುವುದು ಒಳ್ಳೆಯದು. ತೆಳುವಾದ, ಒಣ ಬಿಸ್ಕೆಟ್‌ನಿಂದ ಅದು ಪೂರ್ತಿ ಹೊರಹೋಗುತ್ತದೆ.

ಹಾಗೆಂದು ಇದನ್ನೇ ಬ್ರೌನಿಗೆ ಹಾಕಬಾರದು. ದಪ್ಪನೆಯ, ಒಳಗೆ ತೇವವಿರುವ ತಿನಿಸಿನಲ್ಲಿ ಅಮೋನಿಯಾ ನೀರಿನಲ್ಲಿ ಕರಗಿ ಅಲ್ಲೇ ಉಳಿಯುತ್ತದೆ. ಬ್ರೌನಿ ಉಬ್ಬುವುದು ಮುಖ್ಯವಾಗಿ ಮೊಟ್ಟೆ ಬೀಟ್ ಮಾಡುವಾಗ ಸೇರಿದ ಗಾಳಿ ಮತ್ತು ಆವಿಯಿಂದ. ಒಂದಿಷ್ಟು ಬೇಕಿಂಗ್ ಪೌಡರ್ ಹಾಕಿದರೆ ಕೇಕ್‌ನಂತೆ ಮೃದು, ಹಾಕದಿದ್ದರೆ ಅಂಟಂಟು. ಒಲೆಯಿಂದ ತೆಗೆದ ಮೇಲೆ ನಡುಭಾಗ ತುಸು ಕುಸಿದರೆ ಗಾಬರಿ ಬೇಡ, ಅದು ಬ್ರೌನಿಯ ಸ್ವಭಾವ.

ಉಸ್ಮಾನಿಯಾ ಬಿಸ್ಕೆಟ್‌ ಕೂಡ ಬಿಸಿಯಿರುವಾಗ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಓವನ್‌ಗೆ ತಳ್ಳಬೇಡಿ. ಅಂಚು ಕೆಂಪಗಾದರೆ ತೆಗೆದು ಆರಲು ಬಿಡಿ, ತಣ್ಣಗಾದಂತೆ ಗರಿಯಾಗುತ್ತದೆ. ಅಮೋನಿಯಾ ಪುಡಿ ತಂದಿದ್ದರೆ ಮುಚ್ಚಳ ಬಿಗಿ ಮಾಡಿಡಿ. ತೆರೆದಿಟ್ಟರೆ ಡಬ್ಬಿಯಲ್ಲೇ ಆವಿಯಾಗುತ್ತಾ ಹೋಗುತ್ತದೆ.