ಮೆಂಫಿಸ್ಸಿನಲ್ಲಿ ಡಸ್ಟಿ

ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಗಾನವೂ ಅವರ ಲೌಕಿಕ ಗೀತವೂ ಬೆರೆತು 1950ರ ದಶಕದಲ್ಲಿ ರೂಪುಗೊಂಡ ಗಾನಪ್ರಕಾರಕ್ಕೆ ‘ಸೋಲ್’, ಎಂದರೆ ಆತ್ಮ, ಎಂದು ಹೆಸರು. ಬಿಳಿಯರು ಅದನ್ನು ಹಾಡತೊಡಗಿದಾಗ, 1960ರ ದಶಕದಲ್ಲಿ, ‘ನೀಲಿಗಣ್ಣಿನ ಸೋಲ್’ ಎಂಬ ಮಾತು ಹುಟ್ಟಿತು. ಒಂದು ಜನಾಂಗದ ಬವಣೆಯಿಂದ ಮೂಡಿದ ಹಾಡಿಗೆ ಇನ್ನೊಬ್ಬರು ಕಂಠವಾಗಬಹುದೆ ಎಂಬ ಪ್ರಶ್ನೆ ಆ ಹೆಸರಿನಲ್ಲೇ ಅಡಗಿದೆ.

1969ರಲ್ಲಿ ಹೊರಬಂದ ‘ಡಸ್ಟಿ ಇನ್ ಮೆಂಫಿಸ್’ ಧ್ವನಿಮುದ್ರಿಕೆ ಈ ಪ್ರಶ್ನೆಗೆ ಒಂದು ಉತ್ತರ. ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಲಂಡನ್ನಿನವಳು. 1964ರಲ್ಲಿ ದಕ್ಷಿಣ ಆಫ್ರಿಕದಲ್ಲಿ, ಬಣ್ಣ ನೋಡಿ ಬೇರ್ಪಡಿಸಿದ ಸಭೆಗೆ ಹಾಡಲಾರೆನೆಂದು ಪಟ್ಟುಹಿಡಿದು, ಆ ದೇಶದಿಂದ ಹೊರಹಾಕಿಸಿಕೊಂಡವಳು. 1968ರ ಸೆಪ್ಟೆಂಬರಿನಲ್ಲಿ ಆಕೆ ಮೆಂಫಿಸ್ಸಿಗೆ ಬಂದಾಗ, ಮಾರ್ಟಿನ್ ಲೂಥರ್ ಕಿಂಗ್ ಅದೇ ಊರಿನಲ್ಲಿ ಗುಂಡಿಗೆ ಬಲಿಯಾಗಿ ಆರು ತಿಂಗಳು ತುಂಬಿರಲಿಲ್ಲ.

ವಿಲ್ಸನ್ ಪಿಕೆಟ್‌ನಂಥ ಕಪ್ಪು ಗಾಯಕರು ಹಾಡಿದ್ದ ಸ್ಟುಡಿಯೋ ಅದು. ಅಲ್ಲಿ ನಿಂತಾಗ ಆಕೆಯ ಕಂಠವೇ ಅಳುಕಿತು. ವಾದ್ಯಗಳು ಮೆಂಫಿಸ್ಸಿನಲ್ಲಿ ಮುದ್ರಣಗೊಂಡವು. ಅಂತಿಮ ಗಾಯನ ಮಾತ್ರ ನ್ಯೂಯಾರ್ಕಿನಲ್ಲಿ ನಡೆಯಿತು. ಈ ಅಳುಕನ್ನು ದೌರ್ಬಲ್ಯವೆನ್ನಲಾಗದು. ತಾನು ಯಾರಿಗೆ ಋಣಿ ಎಂಬ ಅರಿವು ಅದು. ಆದ್ದರಿಂದಲೇ ಈ ಹನ್ನೊಂದು ಹಾಡುಗಳಲ್ಲಿ ಕಪ್ಪು ಗಾಯಕರ ಆರ್ಭಟದ ಅನುಕರಣೆಯಿಲ್ಲ. ತಗ್ಗಿದ, ಉಸಿರು ಬೆರೆತ, ತನ್ನದೇ ಆದ ದನಿಯಿದೆ.

‘ಸನ್ ಆಫ್ ಎ ಪ್ರೀಚರ್ ಮ್ಯಾನ್’ ಹಾಡೊಂದು ಜನಪ್ರಿಯವಾಯಿತಾದರೂ, ಮುದ್ರಿಕೆ ಅಮೆರಿಕದ ಮಾರಾಟಪಟ್ಟಿಯಲ್ಲಿ 99ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಡಸ್ಟಿ 1999ರಲ್ಲಿ ತೀರಿಕೊಂಡಳು. 2020ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಮುದ್ರಿಕೆಯನ್ನು ರಾಷ್ಟ್ರದ ಸಂರಕ್ಷಣೀಯ ಧ್ವನಿಗಳ ಸಾಲಿಗೆ ಸೇರಿಸಿತು. ಋಣವನ್ನು ಮರೆಯದೆ ಹಾಡಿದವರಿಗೆ ಕಾಲ ತಡವಾಗಿಯಾದರೂ ಕಿವಿಗೊಡುತ್ತದೆ.