ವಿಶ್ವವಿದ್ಯಾನಿಲಯದ ಇತಿಹಾಸೋಪನ್ಯಾಸವೂ ಕಮಲನಗರ ಸೀಮೆಯ ಶ್ರೋತೃಗಳೂ

ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಇತಿಹಾಸೋಪನ್ಯಾಸಗಳ ವೃತ್ತಾಂತವನ್ನು ಬರೆಯುವವರು ಸಾಮಾನ್ಯವಾಗಿ ಉಪನ್ಯಾಸಕರ ಹೆಸರುಗಳನ್ನೂ ವಿಷಯಗಳನ್ನೂ ಎಣಿಸಿ ತೃಪ್ತರಾಗುತ್ತಾರೆ. ಕೇಳಿದವರು ಯಾರು, ಯಾವ ಭಾಷೆಯಲ್ಲಿ ಕೇಳಿದರು ಎಂಬ ಪ್ರಶ್ನೆಯು ಅಷ್ಟಾಗಿ ಏಳುವುದಿಲ್ಲ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ ಸೀಮೆಯಲ್ಲಿ, ಅದರಲ್ಲಿಯೂ ಕಮಲನಗರ, ಔರಾದ, ಭಾಲ್ಕಿಗಳ ಗಡಿನಾಡಿನಲ್ಲಿ, ಮುಖ್ಯವಾದುದು ಈ ಪ್ರಶ್ನೆಯೇ. ಈ ನಾಡಿಗೆ ವಿದ್ಯಾಪೀಠಗಳ ಕೊರತೆ ಇರಲಿಲ್ಲ. ಆದರೆ ಬಹುಕಾಲ ಅವುಗಳ ಮಾತು ಇಲ್ಲಿಯ ಒಕ್ಕಲುಮಗನ ಕಿವಿಗೆ ತಾಗುವ ಭಾಷೆಯಲ್ಲಿರಲಿಲ್ಲ.

ಬೀದರಿನ ಮದರಸಾವನ್ನೇ ಮೊದಲು ನೋಡಬಹುದು. ಬಹಮನೀ ರಾಜ್ಯದ ಮಂತ್ರಿಯಾದ ಮಹಮೂದ ಗವಾನನು 1472ರಲ್ಲಿ ಇದನ್ನು ಕಟ್ಟಿಸಿದನು. 205 ಅಡಿ ಉದ್ದ, 180 ಅಡಿ ಅಗಲದ ನೆಲೆಯ ಮೇಲೆ ಮೂರು ಅಂತಸ್ತುಗಳಾಗಿ ಎದ್ದ ಈ ಕಟ್ಟಡದಲ್ಲಿ ಉಪನ್ಯಾಸಶಾಲೆಗಳೂ, ಮಸೀದಿಯೂ, ಪುಸ್ತಕ ಭಂಡಾರವೂ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳೂ ಇದ್ದುವು. ಭಂಡಾರದಲ್ಲಿ 3000 ಗ್ರಂಥಗಳಿದ್ದುವೆಂದು ಪ್ರತೀತಿ. ಗವಾನನು ಸ್ವತಃ ವಿದ್ವಾಂಸನು. ಪಾರಸೀಕ ಕವಿ ಜಾಮೀಯೊಡನೆ ಪತ್ರವ್ಯವಹಾರವಿದ್ದವನು. ಅವನ ಪತ್ರಗಳ ಸಂಗ್ರಹವಾದ 'ರಿಯಾಜುಲ್ ಇನ್ಶಾ' ಇಂದಿಗೂ ಚರಿತ್ರಕಾರರಿಗೆ ಆಕರವಾಗಿದೆ. ಅಂತಹವನು ಕರೆಸಿದ ಪಂಡಿತರ ವ್ಯಾಖ್ಯಾನವು ಅರಬ್ಬಿ ಪಾರಸಿಗಳಲ್ಲಿ ನಡೆದುದು ಸಹಜವೇ. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಗವಾನನ ವಧೆಯಾಯಿತು. ಮದರಸಾ ಉಳಿಯಿತು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗಲಿ ಮುಂಭಾಗವೂ ಒಂದು ಮಿನಾರವೂ ಹಾಳಾದುವೆಂದು ಹೇಳುತ್ತಾರೆ. ಪಾಠ ಹೇಳುವ ಮನೆಯಲ್ಲಿ ಸಿಡಿಮದ್ದನ್ನು ತುಂಬಿದ ಬುದ್ಧಿಯನ್ನು ಏನೆನ್ನಬೇಕೋ ತಿಳಿಯದು.

ಇದಕ್ಕೆ ನಾಲ್ಕು ಶತಮಾನಗಳ ಹಿಂದೆ, ಇದೇ ಕಲ್ಯಾಣದ ಚಾಳುಕ್ಯರ ನಾಡಿನಲ್ಲಿ, ಸ್ಥಿತಿ ಸ್ವಲ್ಪ ಬೇರೆಯಾಗಿತ್ತು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುತ್ತ, ವೇದಶಾಸ್ತ್ರಗಳ ವಿದ್ಯಾರ್ಥಿಗಳಿಗೂ, ಅಧ್ಯಾಪಕರಿಗೂ, ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ಅಲ್ಲಿಯೂ ಪಾಠವು ಸಂಸ್ಕೃತದ್ದೇ. ಊರಿನ ಎಲ್ಲರಿಗೂ ಅಲ್ಲಿ ಪ್ರವೇಶವಿತ್ತೆಂದು ಭ್ರಮಿಸಬೇಕಾಗಿಲ್ಲ. ಆದರೂ ಇಂತಹ ದತ್ತಿಗಳ ಮಾತನ್ನು ಊರವರು ಬಲ್ಲ ಕನ್ನಡದಲ್ಲಿ ಕಲ್ಲಿಗೆ ಹಾಕಿ ನಿಲ್ಲಿಸುವ ಪದ್ಧತಿ ಆ ಕಾಲದಲ್ಲಿತ್ತು. ಪಂಡಿತರ ಶಾಲೆಗೂ ಹೊರಗಿನ ಜನಕ್ಕೂ ನಡುವೆ ಅಷ್ಟರ ಮಟ್ಟಿಗೆ ಒಂದು ಕಿಂಡಿ ತೆರೆದಿತ್ತು.

ಆ ಕಿಂಡಿಯು ಮುಂದೆ ಎಷ್ಟು ಕಿರಿದಾಯಿತೆಂಬುದಕ್ಕೆ ನಿಜಾಮರ ರಾಜ್ಯದ ಕೊನೆಯ ದಶಕಗಳು ಸಾಕ್ಷಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಉನ್ನತ ಶಿಕ್ಷಣವೆಲ್ಲ ಉರ್ದುವಿನಲ್ಲಿ ನಡೆಯತೊಡಗಿತು. ಮಿಕ್ಕ ವಿಶ್ವವಿದ್ಯಾನಿಲಯಗಳು ಇಂಗ್ಲಿಷಿಗೆ ಜೋತುಬಿದ್ದಿದ್ದ ಕಾಲದಲ್ಲಿ ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನೂ ಇತಿಹಾಸವನ್ನೂ ಬೋಧಿಸಬಹುದೆಂದು ತೋರಿಸಿಕೊಟ್ಟುದು ದೊಡ್ಡ ಕಾರ್ಯ. ಅದಕ್ಕೆಂದೇ ಭಾಷಾಂತರ ಕಚೇರಿಯೂ ಏರ್ಪಟ್ಟಿತು. ಕನ್ನಡವೂ ಅಲ್ಲಿ ಒಂದು ಪಾಠ್ಯವಿಷಯವಾಗಿದ್ದು ಡಿ. ಕೆ. ಭೀಮಸೇನರಾಯರು ಅದನ್ನು ಬೋಧಿಸಿದರು. ಆದರೆ ದೇಶಭಾಷೆಯ ತತ್ತ್ವವನ್ನು ಉರ್ದುವಿಗೆ ಅನ್ವಯಿಸಿದವರು ರಾಜ್ಯದ ಬಹುಜನರ ನುಡಿಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಅನ್ವಯಿಸಲಿಲ್ಲ. ಬೀದರಿನ ಇತಿಹಾಸಕ್ಕೆ ಆ ಕಾಲದಲ್ಲಿ ಸಂದ ಸೇವೆ ಅಲ್ಪವಲ್ಲ. ಉಸ್ಮಾನಿಯಾದ ಇತಿಹಾಸ ಪ್ರಾಧ್ಯಾಪಕ ಹಾರೂನ್ ಖಾನ್ ಶೇರ್ವಾನಿಯವರು ಮಹಮೂದ ಗವಾನನ ಮೇಲೆ ಪ್ರೌಢಗ್ರಂಥವನ್ನು ಬರೆದರು. ಪ್ರಾಕ್ತನ ಇಲಾಖೆಯ ಗುಲಾಮ್ ಯಜ್ದಾನಿಯವರ ಬೀದರದ ಬೃಹದ್ಗ್ರಂಥವು 1947ರಲ್ಲಿ ಹೊರಬಂದಿತು. 1941ರಲ್ಲಿ ಭಾರತೀಯ ಇತಿಹಾಸ ಪರಿಷತ್ತಿನ ಅಧಿವೇಶನವು ಹೈದರಾಬಾದಿನಲ್ಲಿಯೇ ನೆರೆಯಿತು. ಹೇಳಿಕೊಳ್ಳಬಹುದಾದ ವೈಭವ. ಆದರೆ ಬೀದರವನ್ನು ಕುರಿತ ಆ ಎರಡು ಗ್ರಂಥಗಳೂ ಇಂಗ್ಲಿಷಿನವು. ಬೀದರದ ಚರಿತ್ರೆಯು ಬೀದರದವನಿಗೆ ಪರದೇಶದ ಸುದ್ದಿಯಂತಿತ್ತು.

ಸಭೆ ಸೇರಿಸಿ ಮಾತನಾಡುವುದು ಕೂಡ ಸುಲಭವಾಗಿರಲಿಲ್ಲ. 1921ರ 53ನೆಯ ಗಸ್ತಿಯು ಸಾರ್ವಜನಿಕ ಸಭೆಗಳಿಗೆ ಸರಕಾರದ ಪೂರ್ವಾನುಮತಿಯ ಕಟ್ಟನ್ನು ಹಾಕಿತು. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕಾಗಿತ್ತು. ಇಂತಹ ದಿನಗಳಲ್ಲಿಯೇ ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠದ ಅಧಿಪತಿಗಳಾದ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಆ ಸೀಮೆಯಲ್ಲಿ ಮನೆಮಾತಾಗಿದೆ. ಇದು ಉಪನ್ಯಾಸವಲ್ಲ, ಅಕ್ಷರಾಭ್ಯಾಸ. ಆದರೂ ವಿಶ್ವವಿದ್ಯಾನಿಲಯದ ಉಪನ್ಯಾಸದ ಇತಿಹಾಸದಲ್ಲಿ ಇದಕ್ಕೆ ಸ್ಥಾನ ಕೊಡದಿದ್ದರೆ ಆ ಇತಿಹಾಸವು ಅರ್ಧವಾಗುತ್ತದೆ. ವೇದಿಕೆಯನ್ನು ಸರಕಾರವು ಕಟ್ಟಬಲ್ಲುದು. ಕೇಳಿ ತಿಳಿಯಬಲ್ಲ ಸಭೆಯನ್ನು ಕಟ್ಟಿದುದು ಆ ಹಲಗೆಯ ಹಿಂದಿನ ಕೋಣೆ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಬೇರೊಂದು ಬಗೆಯ ಪ್ರಯತ್ನವು ನಡೆದಿತ್ತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಒಳಗೆ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಲೇ, 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳೆಂಬ ಹೆಸರಿನಿಂದ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಮಾತನಾಡಿಸಿತು. ಆ ಉಪನ್ಯಾಸಗಳನ್ನು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಅಚ್ಚುಹಾಕಿಸಿತು. ಉಸ್ಮಾನಿಯಾದಲ್ಲಿ ತರಗತಿಯು ದೇಶಭಾಷೆಯದು, ಹೊರಗಿನ ಕನ್ನಡ ಜನವು ದೂರ. ಮೈಸೂರಿನಲ್ಲಿ ತರಗತಿಯು ಪರಭಾಷೆಯದು, ಹೊರಗಿನ ಜನವು ಹತ್ತಿರ. ಎರಡರ ಗುಣಗಳೂ ಒಂದೆಡೆ ಕೂಡಿದ್ದರೆ! ಮೈಸೂರಿನ ಪ್ರಚಾರೋಪನ್ಯಾಸವು ನಿಜಾಮರ ಗಡಿಯನ್ನು ದಾಟುವಂತಿರಲಿಲ್ಲ. ಸಾಹಿತ್ಯ ಸಮ್ಮೇಲನವೊಂದೇ ದಾಟಿತು: 1928ರಲ್ಲಿ ಕಲಬುರಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರೂ 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರೂ ಅಧ್ಯಕ್ಷಪೀಠದಿಂದ ಮಾತನಾಡಿದರು. ಬೀದರಿಗೆ ಆ ಭಾಗ್ಯವು ರಾಜ್ಯ ಪುನರ್ವಿಂಗಡಣೆಯ ತರುವಾಯವೇ ಬಂದಿತು. ಆಗಿನ ಅಧ್ಯಕ್ಷರು ಮೈಸೂರಿನ ಪ್ರಾಧ್ಯಾಪಕರಾಗಿದ್ದ ಡಿ. ಎಲ್. ನರಸಿಂಹಾಚಾರ್ಯರು.

1956ರ ನವೆಂಬರ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿದುವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಎರಡು ವರ್ಷಗಳ ಅನಂತರ ಪಿ. ಬಿ. ದೇಸಾಯಿಯವರು ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದರು. ಅದರ ಪೀಠಿಕೆಯೂ ಇಂಗ್ಲಿಷಿನದೇ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವು ಸ್ವತಂತ್ರವಾಗಿ ನಿಂತಿತು. ಅದರ ಸ್ನಾತಕೋತ್ತರ ಕೇಂದ್ರವಿದ್ದ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ 2023ರಲ್ಲಿ ಬೀದರ ವಿಶ್ವವಿದ್ಯಾನಿಲಯವು ಆರಂಭವಾಯಿತು. ಹಿಂದೆ ಔರಾದಿಗೆ ಸೇರಿದ್ದ ಕಮಲನಗರವೂ ಈಗ ತಾನೇ ಒಂದು ತಾಲ್ಲೂಕು. ಅಲ್ಲಿಯ ವಿದ್ಯಾರ್ಥಿಯು ಬಹಮನಿಗಳ ಮೇಲಿನ ಉಪನ್ಯಾಸವನ್ನು ಕನ್ನಡದಲ್ಲಿ ಕೇಳಲು ಇನ್ನು ಹೈದರಾಬಾದಿಗಾಗಲಿ ಧಾರವಾಡಕ್ಕಾಗಲಿ ಹೋಗಬೇಕಾಗಿಲ್ಲ.

ಆದರೆ ಕಮಲನಗರದ ಸಂತೆಯಲ್ಲಿ ಕನ್ನಡದಷ್ಟೇ ಸಲೀಸಾಗಿ ಮರಾಠಿಯೂ ಉರ್ದುವೂ ನಡೆಯುತ್ತವೆ. ಉದಗೀರವು ಗಡಿಯಾಚೆ ಕೂಗಳತೆಯಂತಿದೆ. ಹಿಂದೆ ಕನ್ನಡದವನಿಗೆ ಆದ ಅನ್ಯಾಯವು ಇಂದು ಮರಾಠಿ ಮನೆಮಾತಿನವನಿಗೆ ಆಗಬಾರದಷ್ಟೆ. ಹಾಲಹಳ್ಳಿಯ ಉಪನ್ಯಾಸವು ಕನ್ನಡದಲ್ಲಿಯೇ ನಡೆಯುವುದು ಯುಕ್ತ. ಅದರ ಸಂಗ್ರಹವನ್ನು ಮರಾಠಿಯಲ್ಲಿಯೂ ಉರ್ದುವಿನಲ್ಲಿಯೂ ನಾಲ್ಕು ಪುಟಗಳಾಗಿ ಅಚ್ಚುಹಾಕಿಸಿ ಹಂಚುವುದು ವಿಶ್ವವಿದ್ಯಾನಿಲಯಕ್ಕೆ ಭಾರವಾಗಲಾರದು. ವರ್ಷಕ್ಕೊಂದು ಉಪನ್ಯಾಸವನ್ನಾದರೂ ಶಾಸನದ ಕಲ್ಲು ನಿಂತಿರುವ ಊರಿನಲ್ಲಿಯೇ, ಆ ಕಲ್ಲಿನ ಬಳಿಯಲ್ಲಿಯೇ, ಸುಗ್ಗಿ ಮುಗಿದು ಒಕ್ಕಲಿಗೆ ಬಿಡುವಾದ ತಿಂಗಳಿನಲ್ಲಿ ಏರ್ಪಡಿಸಬಹುದು.